ಹೊಳೆಯಾಚೆ ಎಂಬ ಕಾಲಂ

ಹದಿನೇಳು ವರ್ಷ, ಶನಿವಾರದ ಮಧ್ಯಾಹ್ನಗಳು,
ಐವತ್ತು ಪೈಸೆಯ ಕಾರ್ಡು, ಎಡಕ್ಕೆ ವಾಲುವ ನನ್ನ ಅಕ್ಷರ:
“ಮಾನ್ಯರೇ, ತಾವು ಪಡೆದ ಪುಸ್ತಕದ ಅವಧಿ ಮೀರಿದೆ.
ದಯಮಾಡಿ ಹಿಂದುರುಗಿಸಿ.”
ರಬ್ಬರು ಮೊಹರು, ಸಹಿ.
ಸಾಗರದ ಅಂಚೆಯವರಿಗೆ ನಮ್ಮ ಗ್ರಂಥಾಲಯ ಎಂದರೆ
ಬಾಕಿಯ ಒಂದು ಕಟ್ಟು, ಸುತ್ತ ಸೆಣಬಿನ ದಾರ.

ಮೂರು ವರ್ಷದ ಹಿಂದೆ ಭದ್ರಾವತಿಯ ಫಿಲೋಮಿನಾ ಫೋನು ಮಾಡಿ
“ಇದನ್ನೆಲ್ಲ ಕಂಪ್ಯೂಟರೇ ಕಳಿಸುತ್ತೆ ಟೀಕಪ್ಪಣ್ಣ,
ನಮ್ಮಲ್ಲಿ ಆಗಲೇ ಕಳಿಸ್ತಿದೆ,
ರಾತ್ರಿ ಎರಡಕ್ಕೆ, ಊರೆಲ್ಲ ಮಲಗಿದ ಮೇಲೆ” ಎಂದಳು.
ಅವಳಿಗದು ಸಿಕ್ಕಿದ್ದು ಶಿಕಾರಿಪುರದ ಖಲಂದರನಿಂದ,
ಖಲಂದರನಿಗೆ ಹರಿಹರದ ಯಾರೋ ಕಾಲೇಜಿನವರಿಂದ.
ಹೆಪ್ಪು ಈಸಿಕೊಂಡ ಹಾಗೆ, ಲೋಟದ ತಳದಲ್ಲಿ ಒಂದಿಷ್ಟು;
ಕೊಟ್ಟವರ ಮನೆಯ ಮೊಸರು ಕಡಿಮೆಯಾಗಲಿಲ್ಲ,
ಹುಳಿ ಮಾತ್ರ ಮನೆಯಿಂದ ಮನೆಗೆ ಬೇರೆ.

ಒಂದು ಭಾನುವಾರ ತಾಳಗುಪ್ಪ ರೈಲಿನಲ್ಲಿ ಬಂದಳು.
ಮೊಹರಿನ ಪಕ್ಕ ಚಹಾ ಇಟ್ಟುಕೊಂಡು ಕೇಳಿದಳು:
“ಕಾರ್ಡು ಬರೆಯುವಾಗ ನಿಮ್ಮ ತಲೆಯಲ್ಲಿ ಏನೇನು ಓಡುತ್ತೆ?
ಒಂದೂ ಬಿಡದೆ ಹೇಳಿ.”

ಯಾರೂ ಕೇಳಿರಲಿಲ್ಲ.
ನನಗೆ ಏನಾದರೂ ಗೊತ್ತಿದೆಯೆಂದು
ನನಗೂ ಗೊತ್ತಿರಲಿಲ್ಲ.

ಹೇಳುತ್ತಾ ಹೋದೆ.
ಪರೀಕ್ಷೆಗೆ ಓದುವ ಹುಡುಗಿಯರಿಗೆ ಮಾರ್ಚ್ ಕಳೆಯುವವರೆಗೆ ಬೇಡ.
ಇಕ್ಕೇರಿ ರಸ್ತೆಯ ಸುಗುಣಾ ಟೀಚರಿಗೆ ಶಾಲೆಯ ವಿಳಾಸವೇ ಆಗಬೇಕು,
ಮನೆಗೆ ಹೋದರೆ ಅವರತ್ತೆ ಕಾರ್ಡು ಓದಿ
ದಂಡ ಎಷ್ಟೆಂದು ಬೀದಿಗೆಲ್ಲ ಹೇಳುತ್ತಾರೆ.
ಹೊಳೆಯಾಚೆ, ತುಮರಿ ಕಡೆಯವರಿಗೆ,
ಹಿನ್ನೀರು ಇಳಿದು ಲಾಂಚು ನಿಂತ ದಿನಗಳ ಲೆಕ್ಕ ಹಿಡಿಯಬಾರದು;
ಪುಸ್ತಕವೇನು ಈಜಿಕೊಂಡು ಬರುತ್ತದೆಯೇ?
ಗುಡಿಗಾರರ ವಿಠೋಬ ಒಯ್ದಿಟ್ಟುಕೊಂಡ ಹಕ್ಕಿಚಿತ್ರಗಳ ಪುಸ್ತಕ,
ಅವನ ಗಂಧದ ನವಿಲು ಮುಗಿಯುವ ತನಕ
ಕೇಳುವುದು ಬೇಡ.

ಅವಳು ಟೈಪು ಮಾಡುತ್ತಲೇ ಇದ್ದಳು.
ಹೊಳೆಯಾಚೆ ಎಂಬುದೊಂದು ಕಾಲಂ ಆಯಿತು: ಹೌದು, ಅಲ್ಲ.
ಮಾರ್ಚ್ ತೆಪ್ಪಗೆ ಒಂದು ಸಾಲಿನಲ್ಲಿ ಕೂತಿತು.
ನವಿಲಿನ ಹತ್ತಿರ ಬೆರಳು ನಿಂತವು.
“ತಾರೀಖು ಹೇಳಿ.”
ನವಿಲಿಗೆ ತಾರೀಖು ನಾನೆಲ್ಲಿಂದ ತರಲಿ?
ಕೊನೆಗೆ ‘ಷರಾ’ ಎಂದು ಒಂದು ಖಾಲಿ ಜಾಗ ಬಿಟ್ಟಳು.
“ಇದನ್ನ ಮಿಷನ್ನು ಓದಲ್ಲ. ನೀವು ಓದ್ಕೊಳ್ಳಿ.”

ಮೊದಲ ರಾತ್ರಿ ನಿದ್ದೆ ಬರಲಿಲ್ಲ.
ಎರಡು ಗಂಟೆಗೆ ಎದ್ದು ಕೂತೆ, ಏನೋ ಸದ್ದಾಗುತ್ತದೆ ಎಂಬಂತೆ.
ಎಲ್ಲೋ ನಾಯಿ ಬೊಗಳಿತು, ಅಷ್ಟೆ.
ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ
ಹನ್ನೊಂದು ಜನ ಮೆಟ್ಟಿಲ ಮೇಲೆ, ಕಂಕುಳಲ್ಲಿ ಪುಸ್ತಕ,
ಮಾವು ಕದ್ದು ಸಿಕ್ಕಿಬಿದ್ದ ಮುಖ.
ಆವಿನಹಳ್ಳಿಯ ಹಿರಿಯರೊಬ್ಬರು ಆ ಸಂದೇಶಕ್ಕೇ ಉತ್ತರ ಬರೆದಿದ್ದರು:
“ಟೀಕಪ್ಪ, ಇಷ್ಟು ಹೊತ್ತಿನ ತನಕ ಎದ್ದಿರಬೇಡ,
ಕಣ್ಣು ಹಾಳಾಗುತ್ತೆ. ನಾಳೆ ತರುತ್ತೇನೆ.”

ಈಗ ಹೊಳೆಗೆ ಸೇತುವೆ ಬಂದಿದೆ.
ಆ ಕಾಲಂ ಅಳಿಸಿಬಿಡಿ ಎಂದು ಫಿಲೋಮಿನಾ ಎರಡು ಸಲ ಹೇಳಿದಳು.
ಅಳಿಸಲು ಕೂತಾಗ ತಿಳಿಯಿತು,
ಹೊಸನಗರದವರು ಅದನ್ನೇ ಒಯ್ದು ‘ಬಸ್ಸಿಲ್ಲ’ ಎಂದು ಹೆಸರಿಟ್ಟಿದ್ದಾರೆ,
ಸೊರಬದಲ್ಲಿ ಅದು ‘ಬಾಣಂತಿ’.
ನಮ್ಮದು ಹಾಗೇ ಇದೆ. ತುಮರಿಯವರು ಇನ್ನೂ
ಬೇಕಿಲ್ಲದ ಲಾಂಚಿನ ಲೆಕ್ಕದಲ್ಲಿ
ಏಳು ದಿನ ಹೆಚ್ಚು ಓದುತ್ತಾರೆ.
ಆಡಿಟ್‌ನವರು ಕೇಳಿದರೆ ನೋಡೋಣ.

ವಿಠೋಬನ ನವಿಲಿಗೆ ಕಾಲು ಬಂದಿದೆಯಂತೆ.

ಹೋದ ವಾರ ತೀರ್ಥಹಳ್ಳಿಯಲ್ಲಿ, ತಂಗಿಯ ಮನೆಯಲ್ಲಿ,
ಕಾಫಿ ಕುಡಿಯುತ್ತಾ ಅವಳ ಫೋನಿನಲ್ಲಿ ಓದಿದೆ:
“ಮಾನ್ಯರೇ… ದಯಮಾಡಿ ಹಿಂದುರುಗಿಸಿ.”
‘ದಿ’ ಇರಬೇಕಾದಲ್ಲಿ ‘ದು’. ನನ್ನದೇ ತಪ್ಪು.
ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಕಿವಿ ಹಿಂಡಿದರೂ ಹೋಗದ್ದು
ತಾಲೂಕು ತಾಲೂಕು ದಾಟಿ ಇಲ್ಲಿಗೂ ಬಂದಿದೆ.
“ಏನಣ್ಣ ನಗ್ತೀಯ?” ಎಂದಳು.
ಪುಸ್ತಕ ಎಲ್ಲಿಟ್ಟಿದ್ದೀಯ, ಕೊಡು ಎಂದೆ,
ಬಸ್‌ಸ್ಟ್ಯಾಂಡಿನ ದಾರಿಯಲ್ಲೇ ಇದೆಯಲ್ಲ.